ರುದ್ರೇಶ್ ಮೇಷ್ಟ್ರ ಬೆಳಕಿನ ಕಾಯಿ

ಗುರುವಾರ ಬೆಳಗ್ಗೆ ಏಳೂವರೆಗೆ ಸರಿಯಾಗಿ ರುದ್ರೇಶ್ ಮೇಷ್ಟ್ರ ಮಾರ್ಕರ್ ಪೆನ್ನು ಕೈಕೊಟ್ಟಿತು. ವರ್ಷವಿಡೀ ಜೇಬಿನಲ್ಲಿ ಸುಮ್ಮನೆ ಕೂತು ಉಂಡ ಪೆನ್ನು, ಬೇಕಾದ ದಿನವೇ ಗೊಟಕ್ ಅಂದಿತು. ಮೇಷ್ಟ್ರು ನಡುಮನೆಯಲ್ಲಿ ಚಕ್ಕಂಬಕ್ಕಳ ಹಾಕಿಕೊಂಡು, ತೊಡೆಯ ಮೇಲೆ ಸುಲಿದ ತೆಂಗಿನಕಾಯಿಯೊಂದನ್ನು ಇಟ್ಟುಕೊಂಡು, ಅದರ ಸೊಂಟದ ಸುತ್ತ ಗೆರೆ ಎಳೆಯಲು ಒದ್ದಾಡುತ್ತಿದ್ದರು.

ಯಾಕೆ ಅಂತೀರಾ? ಅದಕ್ಕೊಂದು ಕತೆಯಿದೆ. ರುದ್ರೇಶ್ ತಿಪಟೂರಿನ ಒಂದು ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಫಿಸಿಕ್ಸ್ ಮೇಷ್ಟ್ರು. ಲ್ಯಾಬಿನ ತುದಿಯಲ್ಲಿ ಒಂದು ಡಾರ್ಕ್ ರೂಮು. ಕಿಟಕಿ ಇಲ್ಲ, ಗೋಡೆಗೆಲ್ಲ ಕಪ್ಪು ಬಣ್ಣ. ಅದೇ ಅವರ ಸ್ವರ್ಗ. ಬೆಳಕು ಗಾಜು, ಹಾಳೆ, ಹರಳುಗಳನ್ನು ದಾಟುವಾಗ ಯಾವ ಕಡೆಗೆ ಓಲಾಡುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ಚಿತ್ರ ಬರೆದು ತೋರಿಸುವ ಒಂದು ಪ್ರೋಗ್ರಾಂ ಅನ್ನು ಮೂರು ವರ್ಷ ಆ ಕತ್ತಲೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಬರೆದಿದ್ದರು. ಅದನ್ನು ಅರ್ಥ ಮಾಡಿಕೊಂಡವರು ಊರಲ್ಲಿ ಇಬ್ಬರೇ. ಒಬ್ಬರು ಮೇಷ್ಟ್ರು, ಇನ್ನೊಂದು ಲ್ಯಾಪ್‌ಟಾಪು.

ಹೋದ ವಾರ ಕಾಲೇಜಿನ ಸೆಕ್ರೆಟರಿ ಮರುಳಸಿದ್ದಯ್ಯನವರು ಆ ರೂಮಿಗೆ ಕಾಲಿಟ್ಟರು. ಅವರು ದೊಡ್ಡ ಕೊಬ್ಬರಿ ವ್ಯಾಪಾರಿ. ಕಣ್ಣಿನ ಪೊರೆ ತೆಗೆಸಿಕೊಂಡು ಕರಿ ಕನ್ನಡಕ ಹಾಕಿಕೊಂಡಿದ್ದರು. ಅದನ್ನು ಹಾಕಿಕೊಂಡೇ ಡಾರ್ಕ್ ರೂಮಿನ ಒಳಗೆ ನಿಂತು, "ಆಹಾ, ಏನು ಕತ್ತಲೆ ಕಣ್ರೀ! ಇಲಿ ಇಲ್ಲ, ಥಂಡಿ ಇಲ್ಲ. ಇಲ್ಲಿ ಇನ್ನೂರು ಚೀಲ ಉಂಡೆ ಕೊಬ್ಬರಿ ಇಡಬಹುದಲ್ಲ!" ಅಂದರು.

ಮೇಷ್ಟ್ರಿಗೆ ರೇಗಿತು. "ಇದು ವಿದ್ಯಾಸಂಸ್ಥೆ ಯಜಮಾನ್ರೇ, ನಿಮ್ಮ ಗೋಡೌನಲ್ಲ" ಅಂತ ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರ ಮುಂದೆ ಅಂದೇಬಿಟ್ಟರು. ಮಾತಿಗೆ ಮಾತು ಬೆಳೆದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಕಡೆಗೆ ಮರುಳಸಿದ್ದಯ್ಯನವರು ಒಂದು ತೀರ್ಮಾನಕ್ಕೆ ಬಂದರು. "ಗುರುವಾರ ಮೂರು ಗಂಟೆಗೆ ಬತ್ತೀನಿ. ಅಲ್ಲಿ ಅದೇನು ಮಾಡ್ತೀರೋ ತೋರ್ಸಿ. ನನಗೆ ಅರ್ಥ ಆದ್ರೆ ರೂಮು ನಿಮ್ಮದು. ಆಗ್ಲಿಲ್ಲ ಅಂದ್ರೆ ಶುಕ್ರವಾರ ಚೀಲ ಇಳೀತವೆ."

ಮೂರು ವರ್ಷದ ಕೆಲಸ ಮೂರು ಗಂಟೆಯ ಮಾತಿನ ಮೇಲೆ ನಿಂತಿತು. ಮೇಷ್ಟ್ರು ವಾರವೆಲ್ಲ ನಿದ್ದೆಗೆಟ್ಟು ಯೋಚಿಸಿದರು. ಬೆಳಕು ಮೇಲೆ ಕೆಳಗೆ ಓಲಾಡಬಹುದು, ಅಡ್ಡಡ್ಡ ಓಲಾಡಬಹುದು, ಗಿರ್ರನೆ ಸುತ್ತಬಹುದು. ಪೋಲರೈಸೇಷನ್ ಅನ್ನುವ ಈ ಎಲ್ಲ ಬಗೆಯನ್ನೂ ಒಂದು ಗುಂಡಿನ ಮೇಲೆ ಗುರುತು ಹಾಕಿ ತೋರಿಸಬಹುದು. ನಡುಪಟ್ಟಿಯ ಮೇಲೆ ನೆಟ್ಟಗೆ ಓಲಾಡುವವು, ನೆತ್ತಿ ಮತ್ತು ತಳದಲ್ಲಿ ಗಿರಗಿರ ಸುತ್ತುವವು. ಇದಕ್ಕೊಂದು ಗುಂಡು ಬೇಕು. ತಿಪಟೂರಿನ ಮನೆಯಲ್ಲಿ ಗುಂಡಗಿರುವ ವಸ್ತು ಯಾವುದು? ಅಟ್ಟದ ತುಂಬ ಅದೇ. ಅದೂ ಅಲ್ಲದೆ ಕೊಬ್ಬರಿ ವ್ಯಾಪಾರಿಗೆ ಕಾಯಿಯಲ್ಲಿ ಹೇಳಿದರೆ ಅರ್ಥವಾಗದೆ ಇರುತ್ತದೆಯೇ?

ಹಾಗಾಗಿ ಕಾಯಿ. ಮಾರ್ಕರ್ ಪೆನ್ನು ಸತ್ತದ್ದರಿಂದ ಹೆಂಡತಿ ನಿಸರ್ಗ ಎಣ್ಣೆಯಲ್ಲಿ ಕುಂಕುಮ ಕಲಸಿ ಕೊಟ್ಟಳು. ನಡುಪಟ್ಟಿ ಕೆಂಪಗೆ ಬಂತು. ನೆತ್ತಿಗೂ ತಳಕ್ಕೂ ಕಪ್ಪು ಬೊಟ್ಟು ಬೇಕಿತ್ತು, ಕಾಡಿಗೆ ಸಿಕ್ಕಿತು. ಅವಳ ಹೊಲಿಗೆ ಡಬ್ಬಿಯಿಂದ ಆರು ಗುಂಡುಸೂಜಿ ತೆಗೆದು ಕಾಯಿಯ ಮೇಲೆ ಗೋಂದು ಹಾಕಿ ನಿಲ್ಲಿಸಿದರು. ಬೆಳಕು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಜಾರುವ ದಾರಿ ತೋರಿಸಲು ಸೂಜಿಯಿಂದ ಸೂಜಿಗೆ ಕರಿ ದಾರ ಕಟ್ಟಿದರು. ಆಮೇಲೆ ದೂರ ಹಿಡಿದು ನೋಡಿ ಖುಷಿಪಟ್ಟರು.

ನಿಸರ್ಗ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. "ರೀ, ಇದನ್ನ ಹಿಡ್ಕೊಂಡು ಬೀದೀಲಿ ಮಾತ್ರ ಹೋಗ್ಬೇಡಿ. ನೋಡಿದೋರು ಏನಂದ್ಕೋತಾರೆ?"

"ಏನಂದ್ಕೋತಾರೆ? ಪೋಲರೈಸೇಷನ್ ಅಂದ್ಕೋತಾರೆ" ಅಂದು ಮೇಷ್ಟ್ರು ಕಾಯಿಯನ್ನು ಬಟ್ಟೆ ಚೀಲಕ್ಕೆ ಹಾಕಿ ಬಚ್ಚಲಿಗೆ ನಡೆದರು.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೊತ್ತಾಗಿತ್ತು. ಅಡುಗೆಮನೆಯಲ್ಲಿ ಮಿಕ್ಸಿ ಗೊರಗೊರ ಅನ್ನುತ್ತಿತ್ತು. ಅದರ ಹಿಂದಿನಿಂದ ನಿಸರ್ಗ ಏನೋ ಕೂಗಿ ಹೇಳಿದಳು. ಮದುವೆಯಾಗಿ ಒಂಬತ್ತು ವರ್ಷವಾದ ಗಂಡ ಹೇಗೆ ಉತ್ತರ ಕೊಡುತ್ತಾನೋ ಹಾಗೇ "ಹ್ಞೂಂ ಹ್ಞೂಂ" ಅಂದು ಮೇಷ್ಟ್ರು ಚೀಲ ಎತ್ತಿಕೊಂಡು ಸ್ಕೂಟರ್ ಹತ್ತಿದರು.

ಹತ್ತಿರದ ದಾರಿ ಅಂತ ಮಾರ್ಕೆಟ್ ಯಾರ್ಡಿನ ಒಳಗಿಂದ ಹೋದರು. ಮರುಳಸಿದ್ದಯ್ಯನವರ ಕೊಬ್ಬರಿ ಮಂಡಿಯ ಮುಂದೆ ರಸ್ತೆಗೆ ಒಂದು ಹಂಪು. ಸ್ಕೂಟರ್ ದಡಕ್ಕನೆ ಎಗರಿತು. ಮೇಷ್ಟ್ರು ತಿರುಗಿ ನೋಡಲಿಲ್ಲ. ಕಾಲೇಜಿಗೆ ಬಂದು ಚೀಲಕ್ಕೆ ಕೈ ಹಾಕಿದರೆ ಊಟದ ಡಬ್ಬಿ ಇದೆ, ನೀರಿನ ಬಾಟ್ಲಿ ಇದೆ, ಕಾಯಿ ಇಲ್ಲ. ಚೀಲದ ತಳದ ಹೊಲಿಗೆ ಬಿಟ್ಟು ಬಾಯಿ ತೆರೆದಿತ್ತು.

"ಹಂಪು!" ಅಂತ ಮೇಷ್ಟ್ರು ಹಣೆ ಚಚ್ಚಿಕೊಂಡು ವಾಪಸ್ ಓಡಿದರು.

ಮಂಡಿಯ ಮುಂದೆ ಜನವೋ ಜನ. ಹರಾಜಿನ ದಿನ ಬೇರೆ. ಮಧ್ಯದಲ್ಲಿ, ಮಂಡಿಯ ಹೊಸ್ತಿಲಿಗೆ ಒಂದೇ ಮಾರು ದೂರದಲ್ಲಿ, ಕುಂಕುಮ ಮೆತ್ತಿಕೊಂಡು, ಸೂಜಿ ಚುಚ್ಚಿಸಿಕೊಂಡು, ಕರಿ ದಾರ ಸುತ್ತಿಸಿಕೊಂಡು ಒಂದು ತೆಂಗಿನಕಾಯಿ ಬಿದ್ದಿತ್ತು. ಅದರ ಸುತ್ತ ಹತ್ತಡಿ ಜಾಗ ಖಾಲಿ.

"ಮಾಟ ಕಣ್ಲಾ, ಮಾಟ!" ಅಂತಿದ್ದ ಹಮಾಲಿಗಳ ಮುಖಂಡ ಸಣ್ಣತಿಮ್ಮಯ್ಯ. ಎರಡು ಚೀಲವನ್ನು ಒಟ್ಟಿಗೆ ಹೊರುವ ಆಳು, ಈಗ ಪಂಚೆ ಎತ್ತಿ ಹಿಡಿದುಕೊಂಡು ತುದಿಗಾಲಲ್ಲಿ ನಿಂತಿದ್ದ. "ಇದನ್ನ ದಾಟಿ ಒಂದು ಚೀಲಾನೂ ಹೊರಾಕಿಲ್ಲ ನಾವು. ಹೆಂಡ್ರು ಮಕ್ಳು ಅವ್ರೆ ನಮಗೆ."

ಪಕ್ಕದ ಮಂಡಿಯ ಭೀಮರಾಜು ಕೈ ಕಟ್ಟಿ ನಿಂತು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ. "ಯಾರೂ ಮುಟ್ಟಬ್ಯಾಡ್ರಪ್ಪ. ಅದರ ಪಾಡಿಗೆ ಅದು ಬಿದ್ದಿರ್ಲಿ ಬುಡಿ. ಸಿದ್ದಯ್ಯಣ್ಣ ಇವತ್ತೊಂದಿನ ಮನೇಲಿ ಮಲಗ್ಲಿ, ಹರಾಜು ನಾವು ನೋಡ್ಕೋತೀವಿ."

ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮರುಳಸಿದ್ದಯ್ಯನವರು ಬೆವತು ಕೂತಿದ್ದರು. ಕಣ್ಣಿಗೆ ಹೊಸ ಕರಿ ಕನ್ನಡಕ, ಕೈಯಲ್ಲಿ ಫೋನು. "ಅದನ್ನ ನೋಡ್ದೆ ಕಣ್ರಪ್ಪ. ನೋಡಿ ಹತ್ತು ನಿಮಿಷ ಆಗಿಲ್ಲ. ರೇಟು ನೋಡಾಣ ಅಂತ ಫೋನ್ ತೆಗ್ದೆ. ಅಕ್ಷರ ಸಣ್ಣದು, ದಪ್ಪ ಕಾಣ್ಲಿ ಅಂತ ಫೋನು ಅಡ್ಡ ತಿರುಗಿಸ್ದೆ. ಅಷ್ಟೇ! ಕತ್ತಲೆ! ಆಪರೇಷನ್ ಆಗಿ ಇನ್ನೂ ಹದಿನೈದು ದಿನ ಆಗಿಲ್ಲ. ನನ್ನ ಕಣ್ಣು ಕಟ್ಟಾಕ್ಬಿಟ್ರು!" ಅಂದರು. ಪಾಪ, ನಿಜಕ್ಕೂ ಹೆದರಿದ್ದರು.

ಮೇಷ್ಟ್ರು ಕಾಯಿಯನ್ನೂ ನೋಡಿದರು, ಜನರನ್ನೂ ನೋಡಿದರು. 'ಇದು ನನ್ನದು' ಅಂದರೆ ಏನಾಗುತ್ತದೆ? ಹೋದ ವಾರ ಜಗಳ ಆಡಿದವನು ಈ ವಾರ ಬಾಗಿಲಲ್ಲಿ ಮಾಟದ ಕಾಯಿ ಇಟ್ಟ ಅನ್ನುತ್ತಾರೆ. ಇಪ್ಪತ್ತು ಜನ ಹಮಾಲಿಗಳು ತನ್ನನ್ನು ಚೀಲದ ಹಾಗೆ ಎತ್ತಿ ಲಾರಿಗೆ ಹಾಕುತ್ತಾರೆ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ನಿಸರ್ಗ. ಇದೇನಾ ಹೊತ್ತು ಅಂತ ಕಟ್ ಮಾಡಿದರು.

ಯಾರಿಗೂ ಕಾಣದ ಹಾಗೆ ಕಾಲಲ್ಲಿ ತಳ್ಳಿ ಚರಂಡಿಗೆ ಉರುಳಿಸಿದರೆ? ಬಗ್ಗಿ ಶೂ ಲೇಸು ಕಟ್ಟುವವರ ಹಾಗೆ ನಟಿಸುತ್ತ ಹತ್ತಿರ ಹೋಗಿ ಮೆಲ್ಲಗೆ ಒದ್ದರು. ತೆಂಗಿನಕಾಯಿಗೆ ಎಲ್ಲಿ ಫಿಸಿಕ್ಸ್ ಗೊತ್ತು? ಅದು ಚರಂಡಿಗೆ ಬೆನ್ನು ತಿರುಗಿಸಿ ನೇರ ಸಣ್ಣತಿಮ್ಮಯ್ಯನ ಕಾಲಿಗೆ ಬಂತು. "ಅಯ್ಯಯ್ಯಪ್ಪೋ!" ಅಂದವನೇ ಸಣ್ಣತಿಮ್ಮಯ್ಯ ಎಗರಿ ತೂಕದ ಯಂತ್ರದ ಮೇಲೆ ನಿಂತ. ಕಾಯಿ ಇನ್ನೊಂದು ಸುತ್ತು ಹಾಕಿ ಜಗಲಿಯ ಕೆಳಗೆ, ಸರಿಯಾಗಿ ಮರುಳಸಿದ್ದಯ್ಯನವರ ಕುರ್ಚಿಯ ಎದುರು ನಿಂತಿತು. ಯಜಮಾನರು ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು.

ನಾಲ್ಕು ಜನ ಸೇರಿ ಎತ್ತಿ ಕೂರಿಸಿದ ಮೇಲೆ ಅವರು ಮೇಷ್ಟ್ರನ್ನು ಗುರುತು ಹಿಡಿದರು. "ಮೇಷ್ಟ್ರೇ! ನೀವು ಸೈನ್ಸ್‌ನೋರು. ಇದನ್ನೆಲ್ಲ ನಂಬೋರಲ್ಲ. ನಿಮ್ಮ ಕೈ ಮುಗೀತೀನಿ, ಅದನ್ನ ಅಲ್ಲಿಂದ ಎತ್ತಿ."

ದೇವರೇ ಬಂದು ಬಾಗಿಲು ತೆಗೆದ ಹಾಗಾಯಿತು. ಮೇಷ್ಟ್ರು ಎದೆ ಉಬ್ಬಿಸಿಕೊಂಡು ಹೋಗಿ ಬರಿಗೈಯಲ್ಲಿ ಕಾಯಿಯನ್ನು ಎತ್ತಿದರು. ಜನ ಹೋ ಅಂದಿತು. ಒಬ್ಬಳು ಮುದುಕಿ ಮೇಷ್ಟ್ರಿಗೆ ದೃಷ್ಟಿ ತೆಗೆದು ಲಟಿಕೆ ಮುರಿದಳು.

ಕಾಯಿಯನ್ನು ತಿರುಗಿಸಿ ನೋಡಿ ಮೇಷ್ಟ್ರಿಗೆ ಬೇಜಾರಾಯಿತು. ಬಿದ್ದ ಏಟಿಗೆ ಕುಂಕುಮದ ಪಟ್ಟಿ ಹರಡಿಹೋಗಿದೆ, ದಾರ ಎಲ್ಲೆಲ್ಲೋ ಸಿಕ್ಕಾಗಿದೆ. ಆರು ಸೂಜಿ ಹಾಕಿದ ನೆನಪು, ಎಣಿಸಿದರೆ ಏಳಿದೆ. ಆತುರದಲ್ಲಿ ಒಂದು ಜಾಸ್ತಿ ಹಾಕಿರಬೇಕು. ತಳದಲ್ಲಿ ಒಂದು ನಿಂಬೆಹಣ್ಣಿನ ಹೋಳು ಅಂಟಿಕೊಂಡಿತ್ತು. ಮಾರ್ಕೆಟ್ಟು, ಕಸ ಗುಡಿಸುವವರು ದಿಕ್ಕಿಲ್ಲ ಅಂತ ಗೊಣಗಿಕೊಂಡು ಕಿತ್ತು ಎಸೆದರು.

"ಈಗ ನಿಮ್ಮ ಕಣ್ಣು ನೋಡೋಣ" ಅಂತ ಯಜಮಾನರ ಹತ್ತಿರ ಹೋದರು. ಕನ್ನಡಕದ ಕಡ್ಡಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. 'ಪೋಲರೈಸ್ಡ್' ಅಂತ ಬರೆದಿತ್ತು. ಮೇಷ್ಟ್ರ ಮುಖ ಅರಳಿತು. "ಯಜಮಾನ್ರೇ, ಈ ಕನ್ನಡಕ ಯಾವಾಗ ತಗೊಂಡ್ರಿ?"

"ಆಸ್ಪತ್ರೆಯೋರು ಕೊಟ್ಟಿದ್ದು ನಿನ್ನೆ ಮುರಿದೋಯ್ತು. ಇದು ಇವತ್ತು ಬೆಳಗ್ಗೆ ತಗೊಂಡಿದ್ದು."

"ಫೋನು ನೆಟ್ಟಗೆ ಹಿಡೀರಿ. ಕಾಣುತ್ತಾ?"

"ಕಾಣ್ತದೆ."

"ಅಡ್ಡ ತಿರುಗಿಸಿ."

"ಹೋಯ್ತು! ನೋಡ್ರೀ, ಹೋಯ್ತು!"

"ಫೋನು ಹಾಗೇ ಇರಲಿ. ನಿಮ್ಮ ತಲೆ ಪೂರ್ತಿ ವಾಲಿಸಿ. ಕಿವಿ ಭುಜಕ್ಕೆ ತಗಲ್ಲಿ."

ಯಜಮಾನರು ತಲೆ ವಾಲಿಸಿದರು. "ಅರೆ! ಬಂತು ಕಣ್ರೀ!"

ಅವರು ವಾಲಿಸಿದ್ದನ್ನು ನೋಡಿ ಮಂಡಿಯಲ್ಲಿದ್ದ ಎಲ್ಲರೂ ಕನ್ನಡಕ ಇಲ್ಲದೆಯೇ ತಲೆ ವಾಲಿಸಿದರು. ಆಮೇಲೆ ಕನ್ನಡಕ ಕೈಯಿಂದ ಕೈಗೆ ಹೋಯಿತು. ಸಣ್ಣತಿಮ್ಮಯ್ಯ ತೂಕದ ಯಂತ್ರದ ಮೇಲೆ ನಿಂತೇ ಅದನ್ನು ಹಾಕಿಕೊಂಡು ಎಮ್ಮೆ ಕತ್ತು ಹೊರಳಿಸುವ ಹಾಗೆ ಆ ಕಡೆ ಈ ಕಡೆ ಹೊರಳಿಸಿ, "ಬತ್ತದೆ, ಹೋಯ್ತದೆ, ಬತ್ತದೆ" ಅಂತ ವರದಿ ಕೊಟ್ಟ.

ಮೇಷ್ಟ್ರಿಗೆ ಹುಮ್ಮಸ್ಸು ಬಂದುಬಿಟ್ಟಿತು. ಸೀಮೆಸುಣ್ಣ ಇಸಕೊಂಡು ಗೋಣಿಚೀಲದ ಮೇಲೆ ಲೆಕ್ಕ ಬರೆದರು. "ಫೋನಿನ ಬೆಳಕು ಒಂದೇ ಕಡೆ ಓಲಾಡುತ್ತೆ. ಕನ್ನಡಕ ಒಂದೇ ಕಡೆ ಓಲಾಡೋ ಬೆಳಕನ್ನ ಒಳಗೆ ಬಿಡುತ್ತೆ. ಎರಡೂ ಒಂದೇ ಕಡೆಗಿದ್ರೆ ಪೂರ್ತಿ ಬೆಳಕು. ನಲವತ್ತೈದು ಡಿಗ್ರಿ ತಿರುಗಿದ್ರೆ ಅರ್ಧ. ಅರವತ್ತಾದ್ರೆ ಕಾಲುಭಾಗ. ತೊಂಬತ್ತಾದ್ರೆ ಸೊನ್ನೆ."

"ಅರವತ್ತರಲ್ಲಿ ಮಿಕ್ಕಿದ ಮುಕ್ಕಾಲು ಯಾರು ತಿಂದ್ರು ಸಾರ್?" ಅಂದ ಸಣ್ಣತಿಮ್ಮಯ್ಯ.

"ಕನ್ನಡಕ."

"ಇಲ್ಲೂ ಕಮಿಷನ್ ಐತೆ ಅನ್ನಿ."

ಮೇಷ್ಟ್ರು ಚೀಲಕ್ಕೆ ಅಂಟಿಸುವ ತಿಳಿ ಟೇಪು ಕೇಳಿ ಪಡೆದು, ಅಡ್ಡ ಹಿಡಿದ ಫೋನಿನ ಮೇಲೆ ಓರೆಯಾಗಿ ನಾಲ್ಕು ಪಟ್ಟಿ ಅಂಟಿಸಿದರು. "ಈಗ ನೋಡಿ."

ಕಪ್ಪಗಿದ್ದ ಫೋನಿನ ಮೇಲೆ ಟೇಪಿದ್ದ ಕಡೆಯೆಲ್ಲ ನೀಲಿ, ಹಸಿರು, ನೇರಳೆ ಬಣ್ಣ ಅರಳಿತ್ತು. "ಅಬ್ಬಬ್ಬಬ್ಬ! ನವಿಲು ಗರಿ ಕಣ್ರೀ!" ಅಂತ ಮರುಳಸಿದ್ದಯ್ಯನವರು ಮಗುವಿನ ಹಾಗೆ ಕೂಗಿದರು.

ಇನ್ನೇನು ಬೇಕು? ಮೇಷ್ಟ್ರು ಕಾಯಿಯನ್ನು ಎತ್ತಿ ಹಿಡಿದರು. ಕೆಂಪು ಹರಡಿದ್ದರೂ ಕೆಲಸಕ್ಕೆ ಸಾಕಿತ್ತು. "ಈ ಸೂಜಿ ಇದೆಯಲ್ಲ, ಇದು ನಿಮ್ಮ ಅಡ್ಡ ಹಿಡಿದ ಫೋನಿನ ಬೆಳಕು. ಸರಿಯಾಗಿ ಇದರ ಬೆನ್ನಿನ ಕಡೆ ಇನ್ನೊಂದು ಸೂಜಿ, ಇದು ನಿಮ್ಮ ಕನ್ನಡಕ. ಎದುರುಬದುರು ಬಿದ್ದಾಗ ಕತ್ತಲೆ. ಟೇಪು ಬೆಳಕನ್ನ ಈ ದಾರದ ಮೇಲೆ ಎಳಕೊಂಡು ಬರುತ್ತೆ. ಅದಕ್ಕೇ ಬಣ್ಣ."

ಮರುಳಸಿದ್ದಯ್ಯನವರು ಮೆಲ್ಲಗೆ ಎದ್ದು ನಿಂತರು. "ಅಂದ್ರೆ ಇದು ನನ್ನ ಫೋನು."

"ಹೌದು."

"ಇದು ನನ್ನ ಕನ್ನಡಕ."

"ಹೌದು! ಅರ್ಥ ಆಯ್ತಲ್ಲ!"

"ಆಯ್ತು ಮೇಷ್ಟ್ರೇ. ಚೆನ್ನಾಗಿ ಅರ್ಥ ಆಯ್ತು. ನನ್ನ ಫೋನಿಗೊಂದು ಸೂಜಿ, ನನ್ನ ಕನ್ನಡಕಕ್ಕೊಂದು ಸೂಜಿ. ದಾರ ಕಟ್ಟಿ ಎರಡನ್ನೂ ಎದುರುಬದುರು ಚುಚ್ಚವ್ನೆ ಯಾವನೋ ನನ್ಮಗ!"

"ಅಯ್ಯೋ, ಹಾಗಲ್ಲ ಯಜಮಾನ್ರೇ. ಇದು ಬರೀ ಲೆಕ್ಕ."

"ಲೆಕ್ಕಾನೇ ಕಣ್ರೀ! ತೊಂಬತ್ತು ಡಿಗ್ರಿ ಲೆಕ್ಕ ಹಾಕಿ ಚುಚ್ಚವ್ನೆ! ನಿಮ್ಮಂಥ ಓದಿದೋರು ಇರಲಿಲ್ಲ ಅಂದಿದ್ರೆ ನಾನು ಕುರುಡಾಗಿ ಸಾಯ್ತಿದ್ದೆ." ಯಜಮಾನರು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು, ಕಾಯಿ ನೆನಪಾಗಿ ಥಟ್ಟನೆ ಬಿಟ್ಟರು. "ಇನ್ನು ಮೂರು ಗಂಟೆ ಯಾಕೆ ಕಾಯ್ಬೇಕು? ಡಾರ್ಕ್ ರೂಮು ನಿಮ್ಮದು. ಇದನ್ನ ತಗೊಂಡೋಗಿ ಅಲ್ಲೇ ಇಟ್ಟು ಬೀಗ ಹಾಕಿ. ಬೀಗದ ಕೈ ನಿಮ್ಮತ್ರಾನೇ ಇರ್ಲಿ. ಇದರ ಪಕ್ಕ ನನ್ನ ಕೊಬ್ಬರಿ ಇಡೋಕೆ ನನಗೇನು ತಲೆ ಕೆಟ್ಟಿದ್ಯಾ?"

ಮೇಷ್ಟ್ರು ಕಾಯಿ ಹಿಡಿದುಕೊಂಡು ಕಾಲೇಜಿನ ಕಡೆ ಹೊರಟರು. ರೂಮು ಸಿಕ್ಕಿತಲ್ಲ! ವಿಜ್ಞಾನವನ್ನು ಮುಂದಿನ ತಿಂಗಳು ತಿದ್ದಿದರಾಯಿತು.

ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಓಬಮ್ಮ ಕಾಯಿಯನ್ನು ನೋಡಿದವಳೇ ವರಾಂಡದ ಕೊನೆಗೆ ಓಡಿಹೋದಳು. ಮೇಷ್ಟ್ರು ನಗುತ್ತ ಅದನ್ನು ಡಾರ್ಕ್ ರೂಮಿನಲ್ಲಿ ಲ್ಯಾಪ್‌ಟಾಪಿನ ಪಕ್ಕ ಇಟ್ಟು, ಬೀಗ ಹಾಕಿ, ಸಿಳ್ಳೆ ಹೊಡೆಯುತ್ತ ಸ್ಟಾಫ್ ರೂಮಿಗೆ ಬಂದು ಡಬ್ಬಿ ಬಿಚ್ಚಿದರು. ಚಪಾತಿ ಇಷ್ಟು ರುಚಿ ಅಂತ ಅವರಿಗೆ ಅವತ್ತೇ ಗೊತ್ತಾದದ್ದು.

ಎರಡನೇ ಚಪಾತಿಗೆ ಬಾಗಿಲಲ್ಲಿ ನೆರಳು ಬಿತ್ತು. ಭೀಮರಾಜು. ಒಳಗೆ ಬಂದು, ಆ ಕಡೆ ಈ ಕಡೆ ನೋಡಿ, ಮೇಷ್ಟ್ರ ಕಾಲಿಗೇ ಬಿದ್ದ. "ತಪ್ಪಾಯ್ತು ಸ್ವಾಮಿ. ಸಿದ್ದಯ್ಯಣ್ಣಂಗೆ ಮಾತ್ರ ಹೇಳ್ಬೇಡಿ."

"ಏನ್ರೀ ಇದು, ಏಳ್ರೀ! ಏನು ಹೇಳ್ಬಾರದು?"

"ಆ ಕಾಯಿ ನಂದು."

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. "ಭೀಮರಾಜು, ಸುಮ್ನಿರ್ರೀ. ಆ ಕಾಯಿ ನಂದು. ನಾನೇ ಕೈಯಾರೆ ಮಾಡಿದ್ದು. ನೀವೂ ಯಾರಿಗೂ ಹೇಳ್ಬೇಡಿ."

"ಇಲ್ಲ ಸ್ವಾಮಿ, ನಂದೇ. ಹುಳಿಯಾರಿನ ಕಡೆಯಿಂದ ಒಬ್ಬನ್ನ ಕರ್ಕೊಂಡ್ಬಂದು ಮಾಡಿಸಿದ್ದು. ನಸುಕಲ್ಲಿ ನಾನೇ ತಂದು ಇಟ್ಟೆ. ಸಿದ್ದಯ್ಯಣ್ಣ ಒಂದು ನಾಲ್ಕು ಹರಾಜು ರೇಟು ನೋಡಬಾರದು, ಕಣ್ಣು ಮಂಜಾಗ್ಬೇಕು ಅಷ್ಟೇ ಅಂದಿದ್ದೆ. ನೀವು ಅದನ್ನ ಕೈಯಲ್ಲಿ ಹಿಡ್ದು, ಇದು ಫೋನು, ಇದು ಕನ್ನಡಕ ಅಂತ ಪುಸ್ತಕ ಓದಿದಂಗೆ ಓದಿಬುಟ್ರಿ. ನನಗೇ ಅಷ್ಟು ಗೊತ್ತಿರಲಿಲ್ಲ!"

"ನೋಡ್ರೀ, ನಾನು ಆರು ಸೂಜಿ..."

"ಏಳು ಸೂಜಿ ಸ್ವಾಮಿ. ತಳಕ್ಕೆ ಅರ್ಧ ನಿಂಬೆಹಣ್ಣು. ಅದನ್ನ ಮಾತ್ರ ಯಾವತ್ತೂ ಕೀಳಬಾರದು, ಕಿತ್ತೋನಿಗೇ ತಿರುಗ್ತದೆ ಅಂದಿದ್ದ ಅವನು. ನೀವು ಕಿತ್ತು ಎಸೆದ್ರಲ್ಲ, ಆಗ ನಾನು ನಡುಗೋದೆ. ಎಂಥಾ ಗಂಡೆದೆ ಸ್ವಾಮಿ ನಿಮ್ಮದು!"

ಮೇಷ್ಟ್ರು ಕೈಯಲ್ಲಿದ್ದ ಚಪಾತಿಯನ್ನು ಡಬ್ಬಿಗೆ ವಾಪಸ್ ಇಟ್ಟರು. ಫೋನು ಬಡಿದುಕೊಂಡಿತು. ಈ ಸಲ ಎತ್ತಿದರು.

"ಬೆಳಗ್ಗೆಯಿಂದ ಐದು ಸಲ ಮಾಡಿದೀನಿ, ಎತ್ತೋಕೇನು ಧಾಡಿ ನಿಮಗೆ?" ನಿಸರ್ಗ ಸಿಡಿದಳು. "ಕಾಯಿ ಸರಿಯಾಗಿ ತಲುಪ್ತಾ? ಚೀಲದ ಹೊಲಿಗೆ ಬಿಟ್ಟಿತ್ತು, ಬಿದ್ದುಹೋಗುತ್ತೆ ಅಂತ ಸ್ಕೂಟರ್ ಡಿಕ್ಕೀಲಿ ಇಟ್ಟೆ. ಹೇಳಿದ್ದಕ್ಕೆ ಹ್ಞೂಂ ಅಂದ್ರಲ್ಲ?"

ಮೇಷ್ಟ್ರು ಸ್ಕೂಟರಿನ ಹತ್ತಿರ ಹೋಗಿ ಸೀಟು ಎತ್ತಿದರು. ಹಳೇ ಟವಲ್ಲಿನಲ್ಲಿ ಸುತ್ತಿಕೊಂಡು, ನಡುವಿಗೆ ನೀಟಾಗಿ ಕುಂಕುಮದ ಪಟ್ಟಿ ಕಟ್ಟಿಕೊಂಡು, ಆರೇ ಆರು ಸೂಜಿಯ ಅವರ ಬೆಳಕಿನ ಕಾಯಿ ತಣ್ಣಗೆ ಮಲಗಿತ್ತು.

ಎರಡೂವರೆಗೆ ಪ್ರಾಕ್ಟಿಕಲ್ಸಿನ ಹುಡುಗರು ಬಂದರು. ಮೇಷ್ಟ್ರ ಹಣೆಯಲ್ಲಿ ಮೂರೆಳೆ ವಿಭೂತಿ ಎದ್ದು ಕಾಣುತ್ತಿತ್ತು. ಹನ್ನೆರಡು ವರ್ಷದಲ್ಲಿ ಯಾರೂ ನೋಡಿರಲಿಲ್ಲ.

"ಸಾರ್, ಡಾರ್ಕ್ ರೂಮಿಗೆ ಹೋಗೋಣ್ವಾ?"

"ಬೇಡ. ಆಕಾಶದ ಬೆಳಕೂ ಪೋಲರೈಸ್ ಆಗಿರುತ್ತೆ. ಎಲ್ಲ ಗ್ರೌಂಡಿಗೆ ನಡೀರಿ."

"ಪ್ರೋಗ್ರಾಂ ತೋರಿಸ್ತೀನಿ ಅಂದಿದ್ರಿ. ಲ್ಯಾಪ್‌ಟಾಪು ಒಳಗಿದೆಯಲ್ಲ ಸಾರ್?"

"ಇರ್ಲಿ ಬಿಡ್ರೋ. ಕೈಯಲ್ಲೇ ಲೆಕ್ಕ ಮಾಡಿ, ಬುದ್ಧಿ ಬೆಳೆಯುತ್ತೆ."

ಹುಡುಗರು ಅತ್ತ ಹೋಗುತ್ತಲೇ ಮೇಷ್ಟ್ರು ಗೋಡೆ ಮರೆಗೆ ನಿಂತು ಸೆಕ್ರೆಟರಿಗೆ ಫೋನು ಹಚ್ಚಿದರು. "ಯಜಮಾನ್ರೇ, ನಾನು ಯೋಚನೆ ಮಾಡಿ ನೋಡ್ದೆ. ಆ ಡಾರ್ಕ್ ರೂಮಿದೆಯಲ್ಲ, ಥಂಡಿ ಇಲ್ಲ, ಇಲಿ ಇಲ್ಲ. ಇನ್ನೂರಲ್ಲ, ಇನ್ನೂರೈವತ್ತು ಚೀಲ ಆರಾಮಾಗಿ ಹಿಡಿಯುತ್ತೆ. ನೀವೇ ಇಟ್ಕೊಂಡುಬಿಡಿ."

"ಛೆ ಛೆ, ಎಲ್ಲಾದ್ರೂ ಉಂಟಾ! ಕೊಟ್ಟ ಮಾತು ಮಾತೇ" ಅಂದರು ಮರುಳಸಿದ್ದಯ್ಯನವರು. ಅವರ ದನಿಯಲ್ಲಿ ಪ್ರೀತಿ ಉಕ್ಕುತ್ತಿತ್ತು. "ನಾನೂ ಯೋಚನೆ ಮಾಡ್ದೆ ಮೇಷ್ಟ್ರೇ. ಅಂಥಾದ್ದನ್ನ ಒಂಟಿಯಾಗಿ ಬಿಡಬಾರದು, ತಿಳಿದೋರು ಯಾರಾದ್ರೂ ಪಕ್ಕದಲ್ಲೇ ಇರ್ಬೇಕು. ಪ್ರಿನ್ಸಿಪಾಲ್ರಿಗೆ ಹೇಳಿದೀನಿ. ನಾಳೆ ಬೆಳಗ್ಗೆಯಿಂದ ಸ್ಟಾಫ್ ರೂಮಿನ ನಿಮ್ಮ ಟೇಬಲ್ಲು, ಕುರ್ಚಿ ಎರಡನ್ನೂ ಆ ರೂಮಿನೊಳಕ್ಕೇ ಹಾಕಿಸ್ತಾರೆ."